ತೊಗರಿ ಹೊಲದ ಪಕ್ಕ ಬಸ್ಸು ನಿಂತದ್ದೇಕೆ

ಡಿಪೋದ ಮಾನ್ಯ ಅಧಿಕಾರಿಗಳೇ,

ತಾವು ಕಳಿಸಿದ ನೋಟಿಸು ಕೈಸೇರಿದೆ. ಮಹಾಗಾಂವ ಕ್ರಾಸ್ ದಾಟಿದ ಮೇಲೆ, ನಿಲುಗಡೆಯೇ ಇಲ್ಲದ ಕಡೆ, ತೊಗರಿ ಹೊಲದ ಪಕ್ಕದಲ್ಲಿ 'ವಿನಾಕಾರಣ' ಬಸ್ಸು ನಿಲ್ಲಿಸಿ ಪ್ರಯಾಣಿಕರಿಗೆ ತೊಂದರೆ ಕೊಟ್ಟಿದ್ದೇನೆ, ನನ್ನ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂದು ಕೇಳಿದ್ದೀರಿ. ಕಾರಣ ಇತ್ತು. ನನಗೆ ಮೂತ್ರಕ್ಕೆ ಹೋಗಬೇಕಿತ್ತು, ಹೋದೆ. ತಮ್ಮ ಕೊಠಡಿಯಲ್ಲಿ ನಿಂತು ಇದನ್ನೇ ಹೇಳಿದಾಗ ತಾವು ಕಿಟಕಿಯ ಕಡೆ ಮುಖ ತಿರುಗಿಸಿ, ಇಂಥದ್ದನ್ನೆಲ್ಲ ಕಾಗದದ ಮೇಲೆ ಬರೆಯಬೇಡಿ, ಫೈಲು ಮೇಲಿನವರ ತನಕ ಹೋಗುತ್ತದೆ ಎಂದಿರಿ. ಫೈಲಿನ ಮಾನ ಕಾಪಾಡುವ ತಮ್ಮ ಕಾಳಜಿಗೆ ನಾನು ಋಣಿ. ಹಾಗಾಗಿ ಫೈಲನ್ನು ಬಿಟ್ಟು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಓದುವವರಿಗೆ ನನ್ನ ಪರಿಚಯ ಬೇಕಲ್ಲ. ನಾನು ಸುಜಾತಾ, ಕೋಟನೂರಿನವಳು. ಕಲಬುರಗಿಯಿಂದ ಹೊರಟು ಕಮಲಾಪುರ ದಾಟಿ ಒಳಗಿನ ಒಂದು ಹಳ್ಳಿಗೆ ಹೋಗಿ ಬರುವ ಬಸ್ಸಿನ ನಿರ್ವಾಹಕಿ. ಚೊಚ್ಚಲ ಹೆರಿಗೆಯ ರಜೆ ಮುಗಿಸಿ ಈ ದೀಪಾವಳಿಯ ಹಿಂದೆಮುಂದೆ ಕೆಲಸಕ್ಕೆ ಮರಳಿದೆ. ಹೆರಿಗೆ ರಜೆ ಎಂದರೆ ಹೆಂಗಸು ತನ್ನ ಮೈಯನ್ನು ಸರ್ವಿಸಿಂಗಿಗೆ ಬಿಟ್ಟು, ಮುಗಿದ ದಿನ ಹೊಸದಾಗಿ ಬಿಡಿಸಿಕೊಂಡು ಬರುವ ವ್ಯವಸ್ಥೆ ಎಂದು ತಾವು ತಿಳಿದಂತಿದೆ. ತಮ್ಮನ್ನೇಕೆ ಅನ್ನಲಿ? ನಾನೂ ಹಾಗೆಯೇ ತಿಳಿದಿದ್ದೆ.

ಬಸುರಿಯಾಗಿದ್ದಾಗ ನನಗೆ ಸಿಕ್ಕ ಉಪದೇಶವನ್ನು ಮೂಟೆ ಕಟ್ಟಿದ್ದರೆ ಬಸ್ಸಿನ ಟಾಪು ತುಂಬುತ್ತಿತ್ತು. ಕೇಸರಿ ಹಾಲು ಕುಡಿ, ಗ್ರಹಣ ನೋಡಬೇಡ, ಭಾರ ಎತ್ತಬೇಡ. ಎಲ್ಲ ಮಗುವಿನ ಬಣ್ಣಕ್ಕೆ, ಮಗುವಿನ ತೂಕಕ್ಕೆ. ಆದರೆ ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ ಬರುತ್ತದೆ, ಕಾಲು ಊದಿ ಚಪ್ಪಲಿ ಹಿಡಿಯುವುದಿಲ್ಲ, ಶೌಚಕ್ಕೆ ಕೂತರೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಒಬ್ಬರೂ ಹೇಳಲಿಲ್ಲ. ಹೆತ್ತ ಮೇಲೆ ವಾರಗಟ್ಟಲೆ ರಕ್ತ ಹೋಗುತ್ತದೆ, ಹೊಲಿಗೆ ಹಾಕಿದ ಜಾಗ ಕೂರಲು ಬಿಡುವುದಿಲ್ಲ, ಕೂಸು ಹೊರಗೆ ಬಂದರೂ ಹೊಟ್ಟೆ ಒಳಗೆ ಹೋಗುವುದಿಲ್ಲ, ಬಾಚಿದರೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬರುತ್ತದೆ ಎಂದೂ ಹೇಳಲಿಲ್ಲ. ಬಸ್ಸಿನಲ್ಲಿ ಯಾರದೋ ಕೂಸು ಅತ್ತರೆ ನನ್ನ ಎದೆ ಸುರಿದು ಖಾಕಿ ಒದ್ದೆಯಾಗುತ್ತದೆ. ಇನ್ನು ಕೆಮ್ಮಿದರೆ, ಸೀನಿದರೆ, ನಕ್ಕರೆ, ರಸ್ತೆಯ ಹಂಪಿನ ಮೇಲೆ ಬಸ್ಸು ಎಗರಿದರೆ ಮೂತ್ರ ಸೋರುತ್ತದೆ ಎಂಬುದನ್ನಂತೂ ಹೆತ್ತ ತಾಯಿಯೂ ಹೇಳಲಿಲ್ಲ. ನನಗೊಬ್ಬಳಿಗೇ ಏನೋ ಕೆಟ್ಟದ್ದು ಅಂಟಿಕೊಂಡಿದೆ ಎಂದು ಬಾಯಿ ಮುಚ್ಚಿಕೊಂಡೆ.

ನಮ್ಮ ಬಸ್ಸು ತಿರುಗುವ ಜಾಗದಲ್ಲಿ ಒಂದು ಬೇವಿನ ಮರ, ಒಂದು ಚಹಾದ ಡಬ್ಬಿ ಅಂಗಡಿ, ಒಂದು ಗೋಡೆ ಇದೆ. ಗೋಡೆ ಗಂಡಸರಿಗೆ. ಹೆಂಗಸರಿಗೆ ಏನಿದೆ ಎಂದು ತಮ್ಮ ಇಲಾಖೆಯಲ್ಲಿ ಇದುವರೆಗೆ ಯಾರೂ ಕೇಳಿದಂತಿಲ್ಲ. ಹೆಂಗಸರಿಗೆ ಟಿಕೆಟ್ ಉಚಿತವಾಗಿ ಬಸ್ಸು ತುಂಬಿ ತುಳುಕುತ್ತಿದೆ, ಆದರೆ ಹತ್ತಿದ ಹೆಂಗಸು ಇಳಿದ ಮೇಲೆ ಎಲ್ಲಿಗೆ ಹೋಗಬೇಕು? ನಾನು ಬಹಳ ಜಾಣೆಯಂತೆ ನೀರು ಕುಡಿಯುವುದನ್ನೇ ಬಿಟ್ಟೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನಂಬಿದ ನನ್ನ ಅತ್ತೆಗೆ ಇದು ಬಲು ಮೆಚ್ಚುಗೆಯಾಯಿತು. ಕಲಬುರಗಿಯ ಬಿಸಿಲಿಗೆ ಆಗಲಿಲ್ಲ. ಉರಿಮೂತ್ರ, ಚಳಿಜ್ವರ ಬಂದು ಆಸ್ಪತ್ರೆ ಸೇರಿದೆ. ಹಾಲು ಸಾಲದೆ ಕೂಸು ರಾತ್ರಿಯೆಲ್ಲ ಅತ್ತಿತು, ನಾನೂ ಅತ್ತೆ.

ಅಲ್ಲಿದ್ದ ಡಾಕ್ಟರಮ್ಮ ಬೈದರು. ಹೆತ್ತ ಎಷ್ಟೋ ಹೆಂಗಸರಿಗೆ ಹೀಗಾಗುತ್ತದಂತೆ. ಕೆಳಗಿನ ಸ್ನಾಯು ಸಡಿಲವಾಗಿರುತ್ತದೆ, ಮೂತ್ರ ತಡೆಯುವಾಗ ಬಿಗಿಯುತ್ತೇವಲ್ಲ, ಹಾಗೆ ಬಿಗಿದು ಬಿಡುವುದನ್ನು ದಿನಾ ಕೂತಲ್ಲೇ ರೂಢಿ ಮಾಡಬೇಕು, ಕೆಲವು ತಿಂಗಳಲ್ಲಿ ಬಹಳ ಮಂದಿಗೆ ಹತೋಟಿಗೆ ಬರುತ್ತದೆ, ಬರದಿದ್ದರೆ ಚಿಕಿತ್ಸೆ ಇದೆ, ನಾಚಿಕೊಂಡು ಮನೆಯಲ್ಲಿ ಕೂರಬಾರದು ಎಂದರು. ನೀರು ಕುಡಿಯಬೇಕು, ಬಂದಾಗ ಹೋಗಬೇಕು ಎಂದರು. ಅವರ ಚೀಟಿ ಹಿಡಿದು, ಮೈ ಸುಧಾರಿಸುವ ತನಕ ನಗರದೊಳಗಿನ ಬಸ್ಸಿಗೆ ಹಾಕಿ ಎಂದು ತಮ್ಮ ಮುಂದೆ ಬಂದು ನಿಂತೆ. ತಾವು ಚೀಟಿಯ ಮಡಿಕೆಯನ್ನೂ ಬಿಚ್ಚಲಿಲ್ಲ. "ನಮ್ಮವ್ವ ಏಳು ಹಡದಾಳ. ಹಡದು ಹೊಲಕ್ಕ ಹೋಗ್ಯಾಳ. ನಿಮಗೇನ್ರಿ ಹೊಸಾದು ಬಂದದ?" ಎಂದು ಕೇಳಿದಿರಿ. ಪಕ್ಕದಲ್ಲಿದ್ದ ಗುಮಾಸ್ತರು ನಕ್ಕರು. ನಾನು ನಗಲಿಲ್ಲ, ನಕ್ಕರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ.

ಇನ್ನು ಆ ದಿನದ ಮಾತು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮನ ಮಾತಿನಂತೆ ನೀರು ಕುಡಿದಿದ್ದೆ. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಇನ್ನು ತಡೆಯಲಾಗದು ಅನಿಸಿ ಸೀಟಿ ಊದಿದೆ. ಚಾಲಕ ಚಂದ್ರಶಾ ಅಣ್ಣ ಏನು ಎತ್ತ ಕೇಳದೆ ಬಸ್ಸು ನಿಲ್ಲಿಸಿದರು. ತಮಗೆ ದೂರು ಕೊಟ್ಟ ಸಭ್ಯರು ಕಿಟಕಿಯಿಂದ ತಲೆ ಹಾಕಿ ಕೂಗಾಡುತ್ತಿದ್ದಾಗ ನಾನು ತೊಗರಿಯ ಮರೆ ಸೇರಿದ್ದೆ. ಹಿಂದೆ ಹೆಜ್ಜೆ ಸಪ್ಪಳ ಕೇಳಿ ಹೆದರಿ ತಿರುಗಿದೆ. ಸ್ಟೇಶನ್ ಬಜಾರದಲ್ಲಿ ಕೆಂಪು ಬಾಳೆಹಣ್ಣು ಮಾರಿ ಕಮಲಾಪುರಕ್ಕೆ ಮರಳುವ ದುಂಡಮ್ಮಾಯಿ ಬರುತ್ತಿದ್ದಳು. ಅವಳ ಹಿಂದೆ ಬಳೆ ಮಾರುವ ಮಸ್ತಾನಬಿ, ಅವಳ ಹಿಂದೆ ಮತ್ತಷ್ಟು ಜನ. ಅರ್ಧ ಬಸ್ಸೇ ಇಳಿದಿತ್ತು. ಇಬ್ಬರು ಸೀರೆಯ ಸೆರಗು ಹಿಡಿದು ರಸ್ತೆಗೆ ಮರೆ ಮಾಡಿದರು, ಉಳಿದವರು ಕೂತರು.

ನನ್ನ ಕಥೆ ಹೇಳಿದೆ. ಹೇಳಿದ್ದೇ ತಡ, ಒಬ್ಬೊಬ್ಬರೂ ಬಾಯಿ ಬಿಟ್ಟರು. ಮಸ್ತಾನಬಿಗೆ ನಮಾಜಿನಲ್ಲಿ ಬಗ್ಗಿದರೆ ಸೋರುತ್ತದಂತೆ, ಎದ್ದು ಮತ್ತೆ ಕೈಕಾಲು ತೊಳೆದು ಮೊದಲಿನಿಂದ ಶುರು ಮಾಡುತ್ತಾಳಂತೆ. ದುಂಡಮ್ಮಾಯಿ ನನ್ನ ಕೈ ಹಿಡಿದುಕೊಂಡಳು. "ನಂದು ನಲವತ್ತು ವರ್ಷದ ಮಾತದ ತಂಗಿ. ಏಳು ಹಡದೀನಿ. ಗಂಡಗ ಹೇಳಿಲ್ಲ, ಮಗಗ ಹೆಂಗ ಹೇಳ್ಲಿ?" ಎಂದಳು. ಅಲ್ಲೇ ನಿಂತಿದ್ದ ಒಬ್ಬ ಬಸುರಿ ಹುಡುಗಿ ಬೆಚ್ಚಿ, ಇದೆಲ್ಲ ತನಗೂ ಆಗುತ್ತದೆಯೇ ಎಂದು ಕೇಳಿದಳು. ಆಗಬಹುದು, ಆದರೆ ಹೆದರಬೇಡ ಎಂದು ಹೇಳಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತೊಗರಿಯ ನಡುವೆ ನಿಂತು ಎಲ್ಲರಿಗೂ ತಿಳಿಸಿದೆ. ನಿಜ ಹೇಳಬೇಕೆಂದರೆ ಮೂತ್ರಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ, ಬಸ್ಸು ತಡವಾದದ್ದು ಈ ಮಾತಿನಿಂದ. ಅದನ್ನೂ ನನ್ನ ಅಪರಾಧಕ್ಕೆ ಸೇರಿಸಿಕೊಳ್ಳಿ.

ಇಂಜಿನ್ ಕಾದಿತ್ತು ಎಂದು ಬರೆದುಬಿಡು, ನಾನೂ ಸಹಿ ಹಾಕುತ್ತೇನೆ ಎಂದು ಚಂದ್ರಶಾ ಅಣ್ಣ ಕಳಕಳಿಯಿಂದ ಹೇಳಿದರು. ತಾವೂ ಅಂಥದ್ದೇ ಏನಾದರೂ ಬರೆದರೆ ನೋಟಿಸು ಮುಗಿಸುತ್ತೇನೆಂದು ಸೂಚಿಸಿದಿರಿ. ಅಬ್ಬಾ, ಎಂಥ ನ್ಯಾಯ! ಬಸ್ಸಿನ ರೇಡಿಯೇಟರ್ ಸೋರಿದರೆ ನಡುದಾರಿಯಲ್ಲಿ ನಿಲ್ಲಿಸಬಹುದು, ನೀರು ಹಾಕಬಹುದು, ಮೆಕ್ಯಾನಿಕ್ ಓಡಿ ಬರುತ್ತಾನೆ, ಯಾರ ಮಾನವೂ ಹೋಗುವುದಿಲ್ಲ. ಹೆಂಗಸಿನ ಮೈಗೆ ಮಾತ್ರ ಸುಳ್ಳು ಕಾರಣ ಬೇಕು. ನಾನು ಬರೆಯುವುದಿಲ್ಲ. ಅಂದು ಬಸ್ಸು ಸರಿಯಾಗಿಯೇ ಇತ್ತು.

ಹಾಗಾಗಿ ನೋಟಿಸಿನಿಂದ 'ವಿನಾಕಾರಣ' ಎಂಬ ಮಾತನ್ನು ತೆಗೆಯಿರಿ. ಬಸ್ಸು ತಿರುಗುವ ಕಡೆ ಹೆಂಗಸರಿಗೆ ಬಾಗಿಲು, ಚಿಲಕ, ನೀರು ಇರುವ ಶೌಚಾಲಯ ಕಟ್ಟಿಸಿ. ಹೆತ್ತು ಬಂದ ನಿರ್ವಾಹಕಿ ಡಾಕ್ಟರ ಚೀಟಿ ತಂದರೆ ಬಿಚ್ಚಿ ಓದಿ. ಬೇಗ ಮಾಡಿ, ಸಂಕ್ರಾಂತಿಯ ಹೊತ್ತಿಗೆ ತೊಗರಿ ಕೊಯ್ಯುತ್ತಾರೆ, ಆಮೇಲೆ ನಮಗೆ ಆ ಮರೆಯೂ ಇರುವುದಿಲ್ಲ. ಅಲ್ಲಿಯವರೆಗೆ ನಾನು ಸೀಟಿ ಊದುತ್ತೇನೆ, ಬಸ್ಸು ನಿಲ್ಲುತ್ತದೆ.

ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಆದರೆ ಅದಕ್ಕೆ ಮುಂಚೆ ಒಂದು ಮಾಡಿ. ತಮ್ಮ ತಾಯಿ ಏಳು ಹೆತ್ತು ಹೊಲಕ್ಕೆ ಹೋದದ್ದನ್ನು ತಾವು ನೋಡಿದ್ದೀರಿ. ಹೊಲದಲ್ಲಿ ಎಷ್ಟು ಸಲ ತೊಗರಿಯ ಮರೆಗೆ ಹೋದರೆಂಬುದನ್ನು ನೋಡಿಲ್ಲ. ಇವತ್ತು ಮನೆಗೆ ಹೋಗಿ ಅವರ ಪಕ್ಕ ಕೂತು ಕೇಳಿ. ಮಗನಿಗೆ ಹೇಳಲು ನಾಚಿಕೊಂಡರೆ ಸೊಸೆಯಿಂದ ಕೇಳಿಸಿ. ನನಗೆ ಏನು ಶಿಕ್ಷೆ ಕೊಡಬೇಕೆಂದು ಅವರು ಹೇಳಲಿ, ನಾನು ಒಪ್ಪುತ್ತೇನೆ.

ಇಂತಿ,
ಕೆಮ್ಮು ಬಂದರೆ ಮೊದಲು ಕಾಲು ಜೋಡಿಸಿಕೊಂಡು ನಿಲ್ಲುವ
ತಮ್ಮ ನಿರ್ವಾಹಕಿ,
ಸುಜಾತಾ
ಕೋಟನೂರ, ಕಲಬುರಗಿ