ಕಾಪು ತಂಡದ ತೂಕ

ಜುಲೈ 27, ಭಾನುವಾರ, ಬೆಳಿಗ್ಗೆ 9

ಪಟ್ಟಿ ತಯಾರು. ಆರು ಕಾಲೇಜು, ಆರು ಸಾಲು. ಫುಟ್‌ಬಾಲ್ ಲೀಗ್ ಕಮಿಟಿಗೆ ತಂಡಗಳ ಬಲ ಅಳೆಯಲು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಬೇಕಿತ್ತಂತೆ. ಮಣಿಪಾಲದಲ್ಲಿ ನಾನೇ ಸಿಕ್ಕಿದೆ. ಕಾಲ್ಚೆಂಡಿನಲ್ಲಿ ನನ್ನದು ಬರೀ ಕೈಚಳಕ.

ನಿಯಮವೂ ನನ್ನದೇ — ಜುಲೈ ಪಂದ್ಯಕ್ಕಿಂತ ಆಗಸ್ಟಿನದಕ್ಕೆ ಎರಡು ಪಟ್ಟು ತೂಕ. ಕೊನೆಗೆ ತಳದಲ್ಲಿ ಉಳಿದವರು ಲೀಗಿನಿಂದ ಹೊರಗೆ.

ಸದ್ಯ ಮೇಲೆ ಕಾಪು ಕಾಲೇಜು. ಕೋಚ್ ಕುಶಲಾ, ನನ್ನ ಹೆಂಡತಿ. ಅವಳದು ವರ್ಷವರ್ಷದ ಗೆಸ್ಟ್ ಕೆಲಸ. ತಂಡ ಲೀಗಿನಲ್ಲಿದ್ದರೆ ಅವಳು ಕಾಲೇಜಿನಲ್ಲಿ. ಪಟ್ಟಿ ನೋಡಿ ಎರಡು ದೋಸೆ ಜಾಸ್ತಿ ಹಾಕಿದಳು.

ಆಗಸ್ಟ್ 10

ನಿನ್ನೆ ನೂಲ ಹುಣ್ಣಿಮೆ. ಸಮುದ್ರಪೂಜೆ ಮುಗಿಯಿತು, ಬೋಟುಗಳು ಹೊರಟವು. ಕಾಪುವಿನ ನಾಲ್ವರು ಆಟಗಾರರೂ ಮೀನು ಹಿಡಿಯಲು ಹೊರಟರು, ಕ್ಯಾಪ್ಟನ್ ವಿಶಾಲ್ ಸಮೇತ. ಇಂದು ಕಲ್ಯಾಣಪುರದೆದುರು 0-4.

ಜೂನ್, ಜುಲೈ ಮೀನುಗಾರಿಕೆಗೆ ನಿಷೇಧ. ಹುಡುಗರು ದಡದಲ್ಲಿದ್ದರು, ಗೆದ್ದರು. ನನಗೆ ಹೊಳೆಯಲೇ ಇಲ್ಲ...

"ನೀನಾದರೂ ಹೇಳಬಹುದಿತ್ತು," ಎಂದೆ ಕುಶಲಾಳಿಗೆ.

"ಫಸ್ಟ್ ಪ್ಲೇಸ್ ಸಿಕ್ಕಿದಾಗ ಯಾರು ಬಾಯಿ ಬಿಡ್ತಾರೆ ಮಾರಾಯ್ರೆ? ನೀವೇ ಯೋಚಿಸಬೇಕಿತ್ತು." ತಟ್ಟೆ ಕುಕ್ಕಿದಳು. "ಅಲ್ಲ, ನಿಮ್ಮ ಕುಕ್ಕುಂದೂರಿನಲ್ಲಿ ಕಲ್ಲು ಉಂಟು. ಕಡಲು ಉಂಟಾ?"

ಆಗಸ್ಟ್ 18, ಸೋಮವಾರ

ಪಡುಬಿದ್ರಿಯೆದುರು 0-3. ಕಾಪು ತಳ ಸೇರಿತು. ಅದರ ಮೇಲೆ ಕಾರ್ಕಳ, ನಮ್ಮ ಕುಕ್ಕುಂದೂರಿನ ಪಕ್ಕದವರು, ಅಂದರೆ ನಮ್ಮೂರಿನವರೇ.

ಉಡುಪಿಗೆ ಹೋಗಿ ಕಮಿಟಿ ಅಧ್ಯಕ್ಷ ಅಲೋಶಿಯಸ್ ಅವರನ್ನು ಕಂಡೆ. ಎಲ್ಲ ಪಂದ್ಯಕ್ಕೂ ಒಂದೇ ತೂಕ ಇಟ್ಟರೆ ಹೇಗೆ ಎಂದೆ.

"ಇಡಬಹುದು. ಆಗ ಕಾರ್ಕಳ ಹೊರಗೆ ಹೋಗ್ತದೆ. ಅವರು ಕೇಳಿದರೆ ಎಂತ ಹೇಳುವುದು? ಮೇಷ್ಟ್ರ ಹೆಂಡತಿಯ ತೂಕ ಜಾಸ್ತಿ ಆಯಿತು ಅಂತಲಾ?"

ನಕ್ಕೆ. ನಾನು ಮಾಡಬೇಕಿದ್ದ ಜೋಕನ್ನು ಬೇರೆಯವರು ಮಾಡಿದರೆ ಹೀಗಿರುತ್ತದೆ. ನಿಯಮ ಇದ್ದ ಹಾಗೇ ಉಳಿಯಿತು.

ಆಗಸ್ಟ್ 30, ಶನಿವಾರ, ಕಾರ್ಕಳ ಮೈದಾನ, 10.50

ಕೊನೆಯ ಪಂದ್ಯ. ಕಾಪುವಿಗೆ ಎದುರಾಳಿ ಕಾರ್ಕಳವೇ. ಕಾಪುವಿನ ಹದಿಮೂರರಲ್ಲಿ ಬಂದವರು ಎಂಟೇ ಜನ — ನಾಲ್ವರು ಕಡಲಲ್ಲಿ, ಒಬ್ಬ ಡಿಫೆಂಡರ್‌ಗೆ ನಿನ್ನೆಯಿಂದ ಜ್ವರ, ಬದಲಿಗೆ ಯಾರೂ ಇಲ್ಲ. ಏಳು ಜನ ಇದ್ದರೂ ಆಡಬಹುದು ಎಂದು ರೂಲ್. ವಿಶಾಲನ ಫೋನ್ ಸ್ವಿಚ್ ಆಫ್, ಆಳಕಡಲಿನಲ್ಲಿದ್ದಾನೆ.

11.50

ಅರ್ಧ ಆಟ. 0-0! ಗೋಲಿನ ಮುಂದೆ ಎಂಟೂ ಜನ ಗೋಡೆಯಾಗಿದ್ದಾರೆ. ಕೂಗಿ ಕೂಗಿ ಕುಶಲಾಳ ಸ್ವರ ಒಡೆದಿದೆ, ಆದರೂ ನಿಲ್ಲಿಸಿಲ್ಲ.

"ಡ್ರಾ ಸಾಕು ಮಕ್ಕಳೇ! ಯಾರೂ ಮುಂದೆ ಹೋಗಬೇಡಿ!"

ಲೆಕ್ಕ ಹಾಕಿದೆ. ಮೂರು ಸಲ. ಡ್ರಾ ಆದರೆ ಕಾಪು 21.4, ಕಾರ್ಕಳ 21.9. ಸಾಕಾಗುವುದಿಲ್ಲ. ಗೆಲ್ಲಲೇಬೇಕು.

ಹೇಳಲು ಎದ್ದೆ. ಅಲೋಶಿಯಸ್ ಅಂಗಿ ಹಿಡಿದು ಕೂರಿಸಿದರು. "ಲೆಕ್ಕದವರು ಮೇಜು ಬಿಟ್ಟು ಹೋಗುವ ಹಾಗಿಲ್ಲ ಮಾರಾಯ್ರೆ."

12.35

ಹತ್ತು ನಿಮಿಷ ಬಾಕಿ. ಇನ್ನೂ 0-0. ಒಬ್ಬ ಕುಂಟುತ್ತಿದ್ದಾನೆ, ಆದರೂ ಜಾಗ ಬಿಟ್ಟಿಲ್ಲ.

ಕುಶಲಾ ಈಗ ಇತ್ತ ತಿರುಗಿದಳು. ಮುಖದ ತುಂಬ ನಗು. ಹೆಬ್ಬೆರಳು ಎತ್ತಿ ಕೇಳುತ್ತಿದ್ದಾಳೆ — ಸಾಕಲ್ವಾ? ಚೆಂಡು ಹೊರಗೆ ಹೋಗಿದೆ, ಎಂಟು ಜನವೂ ನನ್ನತ್ತಲೇ ನೋಡುತ್ತಿದ್ದಾರೆ. ನಾನು ತಲೆಯನ್ನು ಅಡ್ಡಡ್ಡ ಆಡಿಸಿದೆ, ಸಾಲದು ಎಂದು.