ಗಾಳಿ ತಲುಪದ ಜಾಗ

ಪ್ರೀತಿಯ ಅಣ್ಣಾ,

ನಿನ್ನೆ ನನ್ನ ಶ್ವಾಸಕೋಶದ ಸ್ಕ್ಯಾನ್ ಆಯಿತು. ಎಕ್ಸ್-ರೇಯಲ್ಲಿ ಏನೂ ಕಾಣದೆ ನನ್ನ ಕೆಮ್ಮು, ಏದುಸಿರನ್ನು ಎಲ್ಲರೂ ಭ್ರಮೆ ಅಂದಿದ್ದರಲ್ಲ, ಅದಕ್ಕೇ ಇದು. ಕ್ಸೆನಾನ್ ಎಂಬ ಅನಿಲವನ್ನು ಚಿತ್ರದಲ್ಲಿ ಕಾಣುವಂತೆ ಲೇಸರ್ ಬೆಳಕಿನಿಂದ ಹುರಿಗೊಳಿಸಿ ಚೀಲದಲ್ಲಿ ಕೊಟ್ಟರು. ಅದರ ಕಸುವು ಬೇಗ ಇಳಿಯುತ್ತದಂತೆ.

"ಬೇಗ ಒಳಗೆಳ್ಕೊಂಡು ಉಸಿರು ಹಿಡೀರಿ ಅಮ್ಮಾ" ಎಂದಳು ಯಂತ್ರ ನಡೆಸುವವಳು.

ಹಿಡಿದೆ. ಒಡನೆ ಅಪ್ಪನ ಮರಗೆಲಸದ ಅಂಗಡಿ ಕಣ್ಣಿಗೆ ಕಟ್ಟಿತು. ಗರಗಸ ನಿಂತೊಡನೆ ನಾವಿಬ್ಬರೂ ಹೊಟ್ಟಿನ ರಾಶಿಗೆ ಹಾರುತ್ತಿದ್ದೆವು. ಅಪ್ಪ ಕೆಮ್ಮುತ್ತಲೇ ನಗುತ್ತಿದ್ದರು. ಹಸಿ ಮರದ ಆ ವಾಸನೆ ಮತ್ತೆಲ್ಲೂ ಸಿಗಲಿಲ್ಲ.

ಚಿತ್ರದಲ್ಲಿ ಗಾಳಿ ಹೋದ ಕಡೆಯೆಲ್ಲ ಬೆಳಕಿದೆ, ಹೋಗದ ಕಡೆ ಕಪ್ಪು ತೇಪೆಗಳಿವೆ. ಮದುವೆಯ ತನಕ ಅಪ್ಪನ ಅಂಗಡಿಯಲ್ಲೇ ಮರ ಉಜ್ಜಿದವಳಲ್ಲವೇ, ಆ ಧೂಳೇ ಕಾರಣ ಅಂದರು ಡಾಕ್ಟರು. ಅಪ್ಪನ ಕೆಮ್ಮಿಗೆ ಕೊನೆಯವರೆಗೂ ಕಾರಣ ಸಿಗಲಿಲ್ಲ. ನನ್ನದಕ್ಕೆ ಸಿಕ್ಕಿದೆ, ಔಷಧಿಯೂ ಶುರುವಾಗಿದೆ.

ಆ ಅಂಗಡಿ ಈಗ ನಿನ್ನದು. ಫೋನಿನಲ್ಲಿ ಮಾತಿನ ನಡುವೆ ನಿಂತುಬಿಟ್ಟು "ನೆಟ್‌ವರ್ಕ್ ಸರಿಯಿಲ್ಲ ಕಣೇ" ಅನ್ನುತ್ತೀಯ. ನಾನೂ ಹೂಂಗುಟ್ಟಿದ್ದು ಸಾಕು. ಸೋಮವಾರ ಇದೇ ಸ್ಕ್ಯಾನಿಗೆ ನಿನ್ನ ಹೆಸರು ಬರೆಸಿದ್ದೇನೆ. ನೆಪ ಹುಡುಕಬೇಡ, ಅತ್ತಿಗೆಗೆ ಆಗಲೇ ಹೇಳಿಯಾಗಿದೆ.

ನೀನು ಮೆಟ್ಟಿಲು ಹತ್ತುವುದು ಬೇಡವೆಂದು ಕೆಳಗಿನ ಕೋಣೆಯಲ್ಲೇ ಹಾಸಿಗೆ ಹಾಕಿಸಿದ್ದೇನೆ.

ದಾರಿ ಕಾಯುತ್ತಿರುವ,
ನಿನ್ನ ತಂಗಿ