ಟಿಕ್ ತೆಗೆದ ಫೋಲ್ಡರ್

ಎಗ್ಮೋರ್, ಚೆನ್ನೈ
೧೪-೭-೨೦೦೬

ಪ್ರೀತಿಯ ಪ್ರಣಮ್ಯಾ,

ಹೇಗಿದ್ದಿ ಮಗಾ? ವಾಂತಿ ನಿಂತಿತಾ? ಕಾಲು ಬಾತುಕೊಳ್ಳುತ್ತದಾ? ಎಡಮಗ್ಗುಲಲ್ಲೇ ಮಲಗು. ನಿನ್ನ ಗಂಡನಿಗೆ ಅಡುಗೆ ಬರುತ್ತದಂತೆ, ಸಂತೋಷ. ಸಾರಿಗೆ ಹುಳಿ ಕಮ್ಮಿ ಹಾಕಲು ಹೇಳು. ನೀನು ಬಸುರಿ ಅಂತ ಅಮ್ಮನಿಗೆ ಈಗ ಗೊತ್ತಾಯಿತಾ ಅಂತ ಸಿಟ್ಟು ಮಾಡಬೇಡ, ಹೇಳುತ್ತೇನೆ ಕೇಳು.

ಸೋಮವಾರ ನಮ್ಮ ಹೋಟೆಲಿನ ಕಂಪ್ಯೂಟರಿನಲ್ಲಿ, ಇ-ಮೇಲ್ ಬರುವ ಕಡೆ, ಮದುವೆ ಊಟದ ಆರ್ಡರುಗಳ ಫೋಲ್ಡರ್ ಕಾಣಲಿಲ್ಲ. ನಿನ್ನ ತಮ್ಮ ಮನೀಶನಿಗೆ ಫೋನ್ ಮಾಡಿದೆ. "ಎಲ್ಲೂ ಹೋಗಿರ್ಲಿಕ್ಕಿಲ್ಲಮ್ಮ, ಟಿಕ್ ಇದ್ದದ್ದು ಮಾತ್ರ ಎಡಗಡೆ ಕಾಣೋದು" ಅಂದ. ಅವನು ಹೇಳಿದ ಕಿಟಕಿ ತೆರೆದೆ. ಹೆಸರುಗಳ ಸಾಲು, ಪ್ರತಿಯೊಂದರ ಮುಂದೆ ಒಂದು ಚೌಕ. ಆರ್ಡರಿನ ಮುಂದೆ ಟಿಕ್ ಹಾಕಿದೆ, ಬಂತು. ಅದರ ಕೆಳಗೇ ನಿನ್ನ ಹೆಸರು, ಟಿಕ್ ಇಲ್ಲದೆ! ಅದಕ್ಕೂ ಟಿಕ್ ಹಾಕಿದೆ ಮಾರಾಯ್ತಿ. ತೆರೆದರೆ, ನೀನು ಅಪ್ಪಯ್ಯನ ಮಾತು ಮೀರಿ ಕೊಯಮತ್ತೂರಿನ ಹುಡುಗನನ್ನು ಮದುವೆಯಾಗಿ ಹೋದ ಮೇಲೆ ಬರೆದ ಪತ್ರಗಳೆಲ್ಲ ಅಲ್ಲೇ ಉಂಟು. "ಅಮ್ಮಾ, ಉತ್ತರ ಯಾಕೆ ಬರೆಯೋದಿಲ್ಲ" ಅಂತ ಎಷ್ಟು ಸಲ ಕೇಳಿದ್ದಿ! ಕೂತಲ್ಲೇ ಅತ್ತುಬಿಟ್ಟೆ.

ನಿನ್ನ ಅಪ್ಪಯ್ಯನದೇ ಕೆಲಸ. ನೀನು ಬರೆದದ್ದೆಲ್ಲ ನೇರ ಅದರೊಳಗೆ ಬೀಳುವ ಹಾಗೆ ಮಾಡಿಸಿ, ಟಿಕ್ ತೆಗೆದಿಟ್ಟಿದ್ದಾರೆ. ಗಿರಾಕಿಗಳು ಇದ್ದರೆ ಇರಲಿ ಅಂತ ಗಲ್ಲಾದ ಹತ್ತಿರವೇ ಹೋಗಿ ಕೇಳಿದೆ. "ಅಳಿಸ್ಲಿಲ್ಲ ಅಲ್ದಾ? ಅಕ್ಷರ ಅಂದ್ರೆ ಸರಸ್ವತಿ, ಅಳಿಸ್ಬಾರ್ದು" ಅಂದರು. ಬರೆದ ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ನೋಡು! "ಸರಸ್ವತಿಯನ್ನ ಅಳಿಸ್ಬಾರ್ದು, ಮಗಳನ್ನ ಅಳಿಸ್ಬಹುದಾ?" ಅಂತ ಕೇಳಿದೆ. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ, ನನಗೇನು.

ಮಾರನೇ ದಿನ ಟಿಕ್ ಹೋಗಿತ್ತು. ಹಾಕಿದೆ. ಪುನಃ ತೆಗೆದರು. ಪುನಃ ಹಾಕಿದೆ. ನಾನು ಹುಟ್ಟಿದ್ದೂ ಹಟಮಾರಿಗಳ ಮನೆಯಲ್ಲೇ. ಮಗಳ ಹೆಸರು ನನ್ನ ಕಣ್ಣೆದುರು ಇರಬೇಕು, ಅಷ್ಟೆ. ಆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ನನಗೆ ಬಾರದು, ಅದಕ್ಕೇ ಈ ಅಂಚೆ ಕಾಗದ. ನೀನು ಮಾತ್ರ ಮೊದಲಿನ ಹಾಗೇ ಅಲ್ಲಿಗೆ ಬರೆಯುತ್ತಿರು, ಹೆದರಬೇಡ.

ಹೊಟ್ಟೆಯ ಕೂಸು ಸುಖವಾಗಿ ಬರಲಿ. ಅಳಿಯನಿಗೆ, ಹೌದು, ಅಳಿಯನಿಗೇ, ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ,
ಸುಗುಣಾ

ಮರೆತೆ: ಚೊಚ್ಚಲ ಬಾಣಂತನ ತಾಯಿಮನೆಯಲ್ಲೇ, ಅದರಲ್ಲಿ ಎರಡು ಮಾತಿಲ್ಲ. "ಅವಳು ಈ ಹೊಸ್ತಿಲು ದಾಟಿದ್ರೆ ನಾನು ಮನೆ ಬಿಟ್ಟು ಹೋಗ್ತೇನೆ" ಅಂದರು ಅಪ್ಪಯ್ಯ. ಆಗಲಿ ಅಂತ ಅವರ ಪಂಚೆ, ಶರ್ಟು, ಬಿ.ಪಿ. ಮಾತ್ರೆ ಎಲ್ಲ ಚೀಲಕ್ಕೆ ತುಂಬಿಸಿ ಬಾಗಿಲ ಹತ್ತಿರ ಇಟ್ಟೆ. ಇವತ್ತು ಬೆಳಿಗ್ಗೆ ನೋಡಿದರೆ ಪಂಚೆಗಳೆಲ್ಲ ಮಡಚಿ ಪುನಃ ಕಪಾಟಿನಲ್ಲಿವೆ. ಹೊರಡು ಮಗಾ, ಅಳಿಯನನ್ನೂ ಕರೆದುಕೊಂಡು ಬಾ.